ಮಂಗಳೂರನ್ನು ಕಟ್ಟಿದವರು ಮತ್ತು ಆ ಊರಿನ ಹೆಣ್ಣುಮಕ್ಕಳು

ನಾಂಪಲ್ಲಿ ರೈಲು ನಿಲ್ದಾಣದಿಂದ ಅಬಿಡ್ಸ್ ಕಡೆಗೆ ಹೋಗುವ ಸ್ಟೇಷನ್ ರಸ್ತೆಯಲ್ಲಿ ‘ಗೋಲ್ಡನ್ ಥ್ರೆಶೋಲ್ಡ್’ ಎಂಬ ಹಳೆಯ ಬಂಗಲೆಯಿದೆ. ಹೈದರಾಬಾದಿನಲ್ಲಿ ನೆಲೆಸಿರುವ ನಮಗೆಲ್ಲ ಅದು ಸರೋಜಿನಿ ನಾಯ್ಡು ಅವರ ಮನೆ ಎಂದು ಗೊತ್ತು. ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಇಲ್ಲಿ ಕಾಲೇಜು ಶಿಕ್ಷಣಕ್ಕೆ ಬುನಾದಿ ಹಾಕಿದವರು. ಅವರು ಪ್ರಾಂಶುಪಾಲರಾಗಿದ್ದ ಕಾಲೇಜೇ ಮುಂದೆ ನಿಜಾಂ ಕಾಲೇಜಾಯಿತು. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ಮೊದಲು ಕೆಲಸ ಆರಂಭಿಸಿದ್ದು ಕೂಡ ಇದೇ ಬಂಗಲೆಯಲ್ಲಿ.

ಇಷ್ಟೆಲ್ಲ ಗೊತ್ತಿದ್ದರೂ ಒಂದು ವಿಷಯ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಈ ಮನೆತನದ ಒಬ್ಬ ಸೊಸೆ ನಮ್ಮ ಕರಾವಳಿಯವರು, ಮಂಗಳೂರಿನ ಹೆಣ್ಣುಮಗಳು. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಸರೋಜಿನಿಯವರ ತಮ್ಮ, ಕವಿ ಹರೀಂದ್ರನಾಥರ ಕೈಹಿಡಿದವರು. ಚಟ್ಟೋಪಾಧ್ಯಾಯ ಎಂಬ ಹೆಸರು ನೋಡಿ ಅವರನ್ನು ಬಂಗಾಳದವರೆಂದುಕೊಂಡವರೇ ಹೆಚ್ಚು.

ಈ ಸಲದ ಸಂಚಿಕೆಗೆ ಕಮಲಾದೇವಿಯವರ ಬಗ್ಗೆ ಬರೆಯೋಣ ಎಂದು ಹೊರಟೆ. ಓದುತ್ತಾ ಹೋದಂತೆ ಅವರ ಹಿಂದೆ ಒಂದು ಇಡೀ ಊರೇ ನಿಂತಿರುವುದು ಕಾಣಿಸಿತು. ಶಾಲೆ ತೆರೆದವರು, ಬ್ಯಾಂಕು ಕಟ್ಟಿದವರು, ಆಸ್ತಿಯನ್ನೆಲ್ಲ ಕಳೆದುಕೊಂಡವರು, ಜಾತಿಯಿಂದ ದೂರವಾದವರು, ಎಲ್ಲರೂ ಆ ಊರಿನಲ್ಲಿದ್ದರು. ಎಂ.ಟೆಕ್ ಓದುವಾಗ ನಾನು ಎರಡು ವರ್ಷ ಸುರತ್ಕಲ್‌ನಲ್ಲಿದ್ದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಹಂಪನಕಟ್ಟೆಯಲ್ಲಿ ಇಳಿದು ಕೆ.ಎಸ್. ರಾವ್ ರಸ್ತೆಯಲ್ಲಿ ಓಡಾಡುತ್ತಿದ್ದೆ. ಆ ಕೆ.ಎಸ್. ರಾವ್ ಯಾರು ಎಂದು ಆಗ ಕೇಳಿಕೊಳ್ಳುವ ಪುರುಸೊತ್ತು ಇರಲಿಲ್ಲ. ಈಗ ಕೇಳಿಕೊಂಡು, ಸಿಕ್ಕ ಉತ್ತರವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಬಂದರಿನ ಊರು, ಅಕ್ಷರದ ಊರು

ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲವೂ ಒಂದೇ ಪೇಟೆಯಲ್ಲಿ ಕೇಳಿಬರುವ ಊರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿದ್ದು ಇಲ್ಲಿಂದ. ಅದರ ಹಿಂದೆ ಇದ್ದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇದೇ ಮಿಷನ್ನಿನ ಪ್ರೆಸ್ಸಿನಲ್ಲಿ. 1865ರಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ದೇಶದ ಮನೆಮನೆಯ ಮಾಡಿಗೆ ಏರಿತು.

ಬಡವರಿಗೆ ಔಷಧಿ ಕೊಡಲು ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯ ಆರಂಭಿಸಿದರು. ಅದೇ ಬೆಳೆದು ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಗಿದೆ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಾಕಿದರು. 1921ರಲ್ಲಿ ಅವರು ತೆರೆದ ಸಂತ ಆಗ್ನೆಸ್ ಕಾಲೇಜಿಗೆ ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು ಎಂಬ ಹೆಸರಿದೆ.

ಹೊರಗಿನಿಂದ ಬಂದವರು ಇಷ್ಟು ಮಾಡುತ್ತಿರುವಾಗ ಊರಿನವರೂ ಸುಮ್ಮನೆ ಕುಳಿತಿರಲಿಲ್ಲ. ಮೂಲ್ಕಿಯಲ್ಲಿ 1852ರಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ತೆರೆದರು. ಮೂರೇ ವರ್ಷಕ್ಕೆ, 1894ರಲ್ಲಿ, ಹೆಣ್ಣುಮಕ್ಕಳಿಗೆಂದು ಪ್ರತ್ಯೇಕ ಶಾಲೆ ತೆರೆದರು. ಹುಡುಗಿ ದೊಡ್ಡವಳಾಗುವ ಮೊದಲೇ ಮದುವೆ ಮಾಡುವುದು ಮರ್ಯಾದೆ ಎನಿಸಿದ್ದ ಕಾಲ ಅದು. ಹೆಣ್ಣುಮಕ್ಕಳ ಶಾಲೆ ಎಂದರೆ ಕಟ್ಟಡ ಕಟ್ಟಿದರೆ ಸಾಲದು, ಒಂದೊಂದು ಮನೆಯನ್ನೂ ಒಪ್ಪಿಸಬೇಕಿತ್ತು. 1906ರಲ್ಲಿ ಅವರು ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಅದನ್ನು ನೋಡಲು ಅವರಿರಲಿಲ್ಲ, 1909ರಲ್ಲೇ ತೀರಿಕೊಂಡಿದ್ದರು. ನಮ್ಮ ಸಂಬಳ ಇಂದು ಆ ಬ್ಯಾಂಕಿನ ಖಾತೆಗೆ ಬೀಳುವಾಗ, ಅದನ್ನು ಹುಟ್ಟುಹಾಕಿದವರು ಅದಕ್ಕೂ ಮೊದಲು ಒಂದು ಹೆಣ್ಣುಮಕ್ಕಳ ಶಾಲೆ ಹುಟ್ಟುಹಾಕಿದ್ದರು ಎಂಬುದು ನೆನಪಿರಲಿ.

ಚಿಲಿಂಬಿಯ ಶಾಲೆ

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿಗೆ ಬಂದು ವಕೀಲರಾದರು. ಬ್ರಹ್ಮಸಮಾಜದ ಪ್ರಭಾವದಲ್ಲಿ ಬೆಳೆದ ಅವರು 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು.

ಇಂದು ಒಂದು ವಾಕ್ಯದಲ್ಲಿ ಹೇಳಿಬಿಡುವ ಈ ಕೆಲಸ ಅಂದು ಎಷ್ಟು ದುಬಾರಿಯಾಗಿತ್ತು ನೋಡಿ. ಸ್ವಂತ ಸಮಾಜದವರು ಅವರನ್ನು ದೂರವಿಟ್ಟರು. ಆ ಮಕ್ಕಳನ್ನು ಮುಟ್ಟಿ ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಬರುತ್ತಿರಲಿಲ್ಲ. ಕ್ರೈಸ್ತ ಶಿಕ್ಷಕರು ಮುಂದೆ ಬಂದರು. ದಿನಗೂಲಿಗೆ ಹೋಗಿ ಮನೆಗೆ ನಾಲ್ಕು ಕಾಸು ತರಬೇಕಿದ್ದ ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ತಂದೆ–ತಾಯಿಯರನ್ನು ಒಪ್ಪಿಸುವುದು ಇನ್ನೂ ಕಷ್ಟ. ಆದರೂ ಅವರು ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯ ಜೊತೆಗೆ ಹಾಸ್ಟೆಲು, ನೇಯ್ಗೆಯಂಥ ಕಸುಬಿನ ತರಬೇತಿ, ಮನೆ ಕಟ್ಟಿಕೊಳ್ಳಲು ಜಾಗ ಎಲ್ಲವೂ ಬೇಕೆಂದು ಅವರಿಗೆ ಅರ್ಥವಾಗಿತ್ತು. ಹೊಟ್ಟೆ ಖಾಲಿ ಇದ್ದರೆ ಸ್ಲೇಟು ಹಿಡಿಯಲು ಯಾರೂ ಬರುವುದಿಲ್ಲ.

ದಲಿತ ಮಕ್ಕಳು ಓದಿ, ಸರ್ಕಾರಿ ಹುದ್ದೆಗೇರಿ, ಕಾರಿನಲ್ಲಿ ಊರೊಳಗೆ ಓಡಾಡುವಾಗ ಆ ಕಾರಿನ ಧೂಳು ತನ್ನ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಅವರ ಸಮಾಧಿಯ ಮೇಲೆ ಈ ಆಶಯವನ್ನೇ ಕೆತ್ತಿದ್ದಾರೆ. ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದ ಅವರು 1928ರ ಜನವರಿ 30ರಂದು ತೀರಿಕೊಂಡರು. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಈ ಮಿಷನ್ನಿಗೂ ಭೇಟಿ ಕೊಟ್ಟರು.

ಇನ್ನು ಕೆ.ಎಸ್. ರಾವ್. ಅವರು ಕಾರ್ನಾಡ್ ಸದಾಶಿವರಾವ್ (1881–1937). ಬೆಂಗಳೂರಿನ ಸದಾಶಿವನಗರಕ್ಕೂ ಇವರದೇ ಹೆಸರು. ಶ್ರೀಮಂತ ಮನೆತನದಲ್ಲಿ ಹುಟ್ಟಿ, ವಕೀಲಿ ಕಲಿತು, ಕೈಯಲ್ಲಿದ್ದುದನ್ನೆಲ್ಲ ಊರಿಗೂ ಸ್ವಾತಂತ್ರ್ಯ ಚಳವಳಿಗೂ ಸುರಿದು ಬರಿಗೈಯಾದವರು. ನಮ್ಮ ವೇದಿಕೆಗೆ ಹತ್ತಿರವಾದ ಸಂಗತಿ ಏನೆಂದರೆ, ಅವರು ಹೆಂಡತಿ ಶಾಂತಾಬಾಯಿಯವರ ಜೊತೆ ಸೇರಿ ಮಂಗಳೂರಿನಲ್ಲಿ ಮಹಿಳಾ ಸಭಾ ಸ್ಥಾಪಿಸಿದರು. ಬಡ ಹೆಂಗಸರು ಮತ್ತು ವಿಧವೆಯರು ಅಕ್ಷರ ಕಲಿತು, ಕೈಕಸುಬು ಕಲಿತು ತಮ್ಮ ಕಾಲ ಮೇಲೆ ನಿಲ್ಲಲಿ ಎಂಬುದು ಅದರ ಉದ್ದೇಶ. 1936ರ ಡಿಸೆಂಬರಿನಲ್ಲಿ ಫೈಜ್‌ಪುರ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಸದಾಶಿವರಾಯರು ಕಾಯಿಲೆ ಬಿದ್ದು, 1937ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಕಣ್ಣುಮುಚ್ಚಿದರು. ರಸ್ತೆಗೆ ಅವರ ಹೆಸರಿದೆ. ಮಹಿಳಾ ಸಭಾದಲ್ಲಿ ಅವರ ಜೊತೆ ದುಡಿದ ಶಾಂತಾಬಾಯಿಯವರನ್ನು ನೆನೆಯುವವರು ಕಡಿಮೆ.

ಗಿರಿಜಾಬಾಯಿ ಬೇಡವೆಂದ ಜೀವನಾಂಶ

ಇಂಥ ಊರಿನಲ್ಲಿ 1903ರ ಏಪ್ರಿಲ್ 3ರಂದು ಕಮಲಾದೇವಿ ಹುಟ್ಟಿದರು. ಚಿತ್ರಾಪುರ ಸಾರಸ್ವತ ಕುಟುಂಬ. ತಂದೆ ಅನಂತಯ್ಯ ಧಾರೇಶ್ವರ ಉನ್ನತ ಸರ್ಕಾರಿ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿಕೊಂಡಿದ್ದವರು, ಸಮಾಜಸುಧಾರಕರ ಒಡನಾಟ ಇದ್ದವರು. ರಮಾಬಾಯಿ ರಾನಡೆ, ಆನಿ ಬೆಸೆಂಟ್ ಅಂಥವರ ಸ್ನೇಹ ಆ ಮನೆಗಿತ್ತು.

ಕಮಲಾ ಏಳು ವರ್ಷದವಳಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡವೆಂದರು. ತವರಿನಿಂದ ಬಂದದ್ದರಲ್ಲೇ ಮಕ್ಕಳನ್ನು ಬೆಳೆಸಿದರು.

ಈ ಘಟನೆಯನ್ನು ಸ್ವಲ್ಪ ನಿಂತು ನೋಡಬೇಕು. ನಿನ್ನೆಯವರೆಗೆ ಓಡಾಡಿದ ಮನೆ, ಅಡುಗೆಮನೆ, ತೋಟ ಯಾವುದೂ ಇವತ್ತು ತನ್ನದಲ್ಲ ಎಂದು ಒಂದು ಕಾಗದ ಹೇಳುತ್ತದೆ. ಯಾರೂ ಕಾನೂನು ಮುರಿದಿರಲಿಲ್ಲ, ಕಾನೂನೇ ಹಾಗಿತ್ತು. ಸೊಸೆಗೆ, ಮಗಳಿಗೆ ಮನೆಯಲ್ಲಿ ಊಟವಿತ್ತು, ಹಕ್ಕಿರಲಿಲ್ಲ. ಕಮಲಾದೇವಿಯವರ ಇಡೀ ಬದುಕಿಗೆ ಬೀಜ ಬಿದ್ದದ್ದು ಇಲ್ಲಿಯೇ ಎನಿಸುತ್ತದೆ ನನಗೆ.

1917ರಲ್ಲಿ, 14ನೇ ವಯಸ್ಸಿಗೆ, ಕಮಲಾಗೆ ಮದುವೆಯಾಯಿತು. ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡರು. ಬಾಲವಿಧವೆ ಮೂಲೆ ಸೇರಬೇಕು ಎನ್ನುತ್ತಿದ್ದ ಕಾಲದಲ್ಲಿ ಅವರ ಓದು ಮುಂದುವರಿಯಿತು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸರೋಜಿನಿಯವರ ತಂಗಿ ಸುಹಾಸಿನಿ ಪರಿಚಯವಾದರು, ಅವರ ಮೂಲಕ ಹರೀಂದ್ರನಾಥ. ಸಮಾಜ ಹುಬ್ಬೇರಿಸಿದರೂ ಮದುವೆ ನಡೆಯಿತು. ವಿಧವಾ ವಿವಾಹ, ಅದೂ ಬೇರೆ ಭಾಷೆ, ಬೇರೆ ಪ್ರಾಂತ್ಯದವರೊಡನೆ. ಮುಂದೆ ಇಬ್ಬರೂ ಬೇರೆಯಾದರು. ಆ ಕಾಲಕ್ಕೆ ವಿಚ್ಛೇದನವೂ ಸಣ್ಣ ಮಾತಲ್ಲ.

55 ಮತಗಳು

ಈಗ ಒಬ್ಬ ಹೊರಗಿನವರ ಹೆಸರು ಹೇಳಬೇಕು, ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್. 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ ಅವರೇ. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ತಮ್ಮ ದೇಶದಲ್ಲೂ ಹೋರಾಡಿ ಜೈಲು ಕಂಡವರು. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಲು ಮುಖ್ಯ ಕಾರಣರಾದವರೂ ಹೌದು.

ಮದ್ರಾಸ್ ಪ್ರಾಂತ್ಯದಲ್ಲಿ ಮಹಿಳೆಯರಿಗೆ ಮತ ಹಾಕುವ ಹಕ್ಕು 1921ರಲ್ಲಿ ಬಂತು. ಆದರೆ ಅಭ್ಯರ್ಥಿಯಾಗಿ ನಿಲ್ಲುವ ಹಕ್ಕು ಸಿಕ್ಕಿದ್ದು 1926ರಲ್ಲಿ. ಆ ವರ್ಷದ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ಕಸಿನ್ಸ್ ಅವರ ಒತ್ತಾಸೆಯಿಂದ 23 ವರ್ಷದ ಕಮಲಾದೇವಿ ಮಂಗಳೂರಿನಲ್ಲಿ ನಿಂತರು. ಶಾಸನಸಭೆಯ ಚುನಾವಣೆಗೆ ಸ್ಪರ್ಧಿಸಿದ ದೇಶದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಪಕ್ಷದ ಬಲವಿಲ್ಲ, ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಸೋತದ್ದು ಬರೀ 55 ಮತಗಳಿಂದ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಗ ಮತದ ಹಕ್ಕು ಎಲ್ಲರಿಗೂ ಇರಲಿಲ್ಲ. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಹೆಂಗಸರಿಗೆ ಮತದ ಹಕ್ಕು ಕೊಟ್ಟೆವು ಎಂದರೂ, ಎಷ್ಟು ಹೆಂಗಸರ ಹೆಸರಿನಲ್ಲಿ ಆಸ್ತಿ ಇತ್ತು? ಗಿರಿಜಾಬಾಯಿಯವರಂಥ ಎಷ್ಟೋ ತಾಯಂದಿರ ಹೆಸರು ಪಹಣಿಯಲ್ಲೂ ಇಲ್ಲ, ಹಾಗಾಗಿ ಮತದಾರರ ಪಟ್ಟಿಯಲ್ಲೂ ಇಲ್ಲ. ಆಸ್ತಿಯ ಪ್ರಶ್ನೆ ಮತ್ತು ಮತದ ಪ್ರಶ್ನೆ ಎರಡೂ ಒಂದೇ ಗಂಟಿನ ಎರಡು ತುದಿಗಳು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಲಾಗಿನ್ ಕೊಟ್ಟಿದ್ದರು, ಪರ್ಮಿಷನ್ ಕೊಟ್ಟಿರಲಿಲ್ಲ.

ಇಬ್ಬರು ಮಂಗಳೂರಿನವರು, ಎರಡು ದಾರಿ

ಅದೇ 1926ರ ಚುನಾವಣೆಯ ನಂತರ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದವರು ಡಾ. ಪಿ. ಸುಬ್ಬರಾಯನ್. ಅವರ ಪತ್ನಿ ರಾಧಾಬಾಯಿ, ಮಂಗಳೂರಿನಲ್ಲಿ 1891ರಲ್ಲಿ ಹುಟ್ಟಿದವರು. ಯಾರ ಮಗಳು ಗೊತ್ತೇ? ಚಿಲಿಂಬಿಯಲ್ಲಿ ಶಾಲೆ ತೆರೆದ ಕುದ್ಮುಲ್ ರಂಗರಾಯರ ಮಗಳು. ಊರಿನ ಮಕ್ಕಳಿಗೆ ಶಾಲೆ ತೆರೆದವರು ಸ್ವಂತ ಮಗಳನ್ನು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೂ ಓದಿಸಿದರು. ಮುಂದೆ ರಾಧಾಬಾಯಿ ಆಕ್ಸ್‌ಫರ್ಡ್‌ನ ಸಾಮರ್ವಿಲ್ ಕಾಲೇಜಿನಲ್ಲೂ ಓದಿದರು. ಅವರ ಮದುವೆ ಜಾತಿ, ಭಾಷೆ ಎರಡನ್ನೂ ಮೀರಿದ್ದು.

1930ರ ಒಂದೇ ವರ್ಷದಲ್ಲಿ ಮಂಗಳೂರಿನ ಈ ಇಬ್ಬರು ಎಲ್ಲಿದ್ದರು ನೋಡಿ. ದಂಡಿಯಾತ್ರೆಗೆ ಗಾಂಧೀಜಿ ಮೊದಲು ಗಂಡಸರನ್ನಷ್ಟೇ ಆರಿಸಿದ್ದರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಪಟ್ಟು ಹಿಡಿದು ಅವರನ್ನು ಒಪ್ಪಿಸಿದವರಲ್ಲಿ ಕಮಲಾದೇವಿ ಮುಖ್ಯರು. ಬೊಂಬಾಯಿಯ ಕಡಲ ತೀರದಲ್ಲಿ ಅವಂತಿಕಾಬಾಯಿ ಗೋಖಲೆಯವರೊಂದಿಗೆ ಉಪ್ಪು ಮಾಡಿದರು. ಷೇರುಪೇಟೆಯೊಳಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ಜೈಲಿಗೆ ಹೋದರು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿತು. ಕಾಂಗ್ರೆಸ್ ಅದನ್ನು ಬಹಿಷ್ಕರಿಸಿತ್ತು. ಅಲ್ಲಿದ್ದ ಇಬ್ಬರು ಭಾರತೀಯ ಮಹಿಳಾ ಪ್ರತಿನಿಧಿಗಳಲ್ಲಿ ಒಬ್ಬರು ಬೇಗಂ ಶಾ ನವಾಜ್, ಇನ್ನೊಬ್ಬರು ರಾಧಾಬಾಯಿ ಸುಬ್ಬರಾಯನ್.

ರಾಧಾಬಾಯಿಯವರ ವಾದ ನೇರವಾಗಿತ್ತು. ಮಹಿಳೆಯರಿಗೆ ಸ್ಥಾನ ಮೀಸಲಿಡದಿದ್ದರೆ ಅವರು ಶಾಸನಸಭೆಯ ಬಾಗಿಲು ದಾಟುವುದೇ ಇಲ್ಲ. ಕಮಲಾದೇವಿಯವರು ಕಟ್ಟಿ ಬೆಳೆಸಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಮತ್ತಿತರ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಮೀಸಲಾತಿ ಬೇಡ, ವಯಸ್ಕರಾದ ಎಲ್ಲ ಗಂಡು ಹೆಣ್ಣಿಗೂ ಸಮಾನವಾಗಿ ಮತದ ಹಕ್ಕು ಕೊಡಿ, ನಾವು ಸರಿಸಮವಾಗಿ ಸ್ಪರ್ಧಿಸುತ್ತೇವೆ ಎಂದು 1931ರಲ್ಲಿ ಮನವಿ ಕೊಟ್ಟವು.

ಯಾರು ಸರಿ? ನನಗೆ ಇಬ್ಬರೂ ಸರಿ ಎನಿಸುತ್ತದೆ, ಆದರೆ ಬೇರೆ ಬೇರೆ ಕಾಲಕ್ಕೆ. ಎಲ್ಲರಿಗೂ ಮತ ಎಂಬ ಕಮಲಾದೇವಿಯವರ ಬಳಗದ ಬೇಡಿಕೆ ಸ್ವತಂತ್ರ ಭಾರತದ ಸಂವಿಧಾನದಲ್ಲಿ ಈಡೇರಿತು. ಆಸ್ತಿ, ಓದು, ಗಂಡನ ಹೆಸರು ಯಾವುದನ್ನೂ ಕೇಳದೆ ನಮ್ಮ ಅಜ್ಜಿಯಂದಿರು ಬೆರಳಿಗೆ ಶಾಯಿ ಹಾಕಿಸಿಕೊಂಡರು. ಆದರೆ ಮತ ಹಾಕಿದ ಮಾತ್ರಕ್ಕೆ ಸಭೆಯೊಳಗೆ ಕುರ್ಚಿ ಸಿಗಲಿಲ್ಲ. ರಾಧಾಬಾಯಿ ಹೇಳಿದ್ದು ಅಲ್ಲಿ ನಿಜವಾಯಿತು.

ಮತದಾನದ ಹಕ್ಕನ್ನು ವಿಸ್ತರಿಸುವ ಬಗ್ಗೆ 1932ರಲ್ಲಿ ಕೆಲಸ ಮಾಡಿದ ಲೋಥಿಯನ್ ಸಮಿತಿಯಲ್ಲೂ ರಾಧಾಬಾಯಿ ಇದ್ದರು. 1938ರಲ್ಲಿ ಅಂದಿನ ಕೇಂದ್ರದ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ ಅವರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ, ಕೊಯಮತ್ತೂರಿನ ಸಂಸದೆಯಾಗಿದ್ದ ಪಾರ್ವತಿ ಕೃಷ್ಣನ್ ಇವರೆಲ್ಲ ಅವರ ಮಕ್ಕಳು. ಚಿಲಿಂಬಿಯ ಶಾಲೆಯ ಸ್ಥಾಪಕರ ಮೊಮ್ಮಕ್ಕಳು ಎಂದೂ ಹೇಳಬಹುದು.

ಮತ್ತೊಬ್ಬ ಮಂಗಳೂರಿನವರು

ಈ ವಾದದ ಮುಂದಿನ ಅಧ್ಯಾಯದಲ್ಲೂ ಒಬ್ಬ ಮಂಗಳೂರಿನವರಿದ್ದಾರೆ. 1942ರಲ್ಲಿ ಅಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ 1980ರ ದಶಕದಲ್ಲಿ ಕೇಂದ್ರದಲ್ಲಿ ಮಹಿಳೆ ಮತ್ತು ಮಕ್ಕಳ ಖಾತೆ ನೋಡಿಕೊಂಡರು. ಅವರ ನೇತೃತ್ವದಲ್ಲಿ 1988ರಲ್ಲಿ ಸಿದ್ಧವಾದ ಮಹಿಳೆಯರ ರಾಷ್ಟ್ರೀಯ ಯೋಜನೆಯ ಕರಡು, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ. 30 ಸ್ಥಾನ ಮೀಸಲಿಡಬೇಕೆಂದಿತು. ಅಷ್ಟರಲ್ಲಿ ಕರ್ನಾಟಕ ತನ್ನ 1983ರ ಕಾನೂನಿನ ಮೂಲಕ ಶೇ. 25 ಸ್ಥಾನ ಕೊಟ್ಟು ದಾರಿ ತೋರಿಸಿತ್ತು. 1992ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ದೇಶದ ಎಲ್ಲ ಪಂಚಾಯಿತಿ, ನಗರಸಭೆಗಳಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿಗೆ ಸ್ಥಾನ ಕೊಟ್ಟವು.

ಇಂದು ಮಂಗಳೂರು ಮಹಾನಗರ ಪಾಲಿಕೆಯಲ್ಲಾಗಲಿ ನಮ್ಮ ಹೈದರಾಬಾದಿನ ಪಾಲಿಕೆಯಲ್ಲಾಗಲಿ ಮಹಿಳೆ ಮೇಯರ್ ಆದರೆ ಯಾರೂ ಬೆರಗಾಗುವುದಿಲ್ಲ. 2023ರಲ್ಲಿ ಲೋಕಸಭೆ, ವಿಧಾನಸಭೆಗಳಿಗೂ ಮೂರನೇ ಒಂದರ ಮೀಸಲಾತಿಯ 106ನೇ ತಿದ್ದುಪಡಿ ಅಂಗೀಕಾರವಾಯಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ ಜಾರಿ ಎಂಬ ಷರತ್ತು ಅದಕ್ಕಿದೆ. ದುಂಡುಮೇಜಿನ ಪರಿಷತ್ತಿನಲ್ಲಿ ರಾಧಾಬಾಯಿ ಕೇಳಿದ್ದು ಇದನ್ನೇ.

ಕೈಮಗ್ಗದ ಸೀರೆಯ ಹಿಂದೆ

ಕಮಲಾದೇವಿ ಸ್ವಾತಂತ್ರ್ಯದ ನಂತರ ಅಧಿಕಾರದ ಹಿಂದೆ ಹೋಗಲಿಲ್ಲ. ದೇಶವಿಭಜನೆಯಾಗಿ ನಿರಾಶ್ರಿತರು ಬಂದಾಗ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಮೂಲಕ ದೆಹಲಿ ಸಮೀಪದ ಫರೀದಾಬಾದಿನಲ್ಲಿ ಪುನರ್ವಸತಿಗೆ ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ಚುಕ್ಕಾಣಿ ಹಿಡಿದರು. ಊರೂರು ಸುತ್ತಿ, ಕಸುಬು ಬಿಡುವ ಹಂತದಲ್ಲಿದ್ದ ನೇಕಾರರನ್ನು, ಕುಶಲಕರ್ಮಿಗಳನ್ನು ಹುಡುಕಿ ಅವರ ಕೆಲಸಕ್ಕೆ ಮಾರುಕಟ್ಟೆ ಕೊಡಿಸಿದರು. ನಮ್ಮ ಪಕ್ಕದ ಆಂಧ್ರದ ಶ್ರೀಕಾಳಹಸ್ತಿ ಕಲಂಕಾರಿಗೆ ಮರುಜೀವ ಬಂದದ್ದರಲ್ಲಿ ಅವರ ಪಾತ್ರ ದೊಡ್ಡದು. ದೆಹಲಿಯ ಲೇಡಿ ಇರ್ವಿನ್ ಕಾಲೇಜು ಹುಟ್ಟಿದ ಹಿಂದೆಯೂ ಅವರಿದ್ದರು.

1966ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂತು. 1988ರ ಅಕ್ಟೋಬರ್ 29ರಂದು ತೀರಿಕೊಂಡರು.

ಕೈಕಸುಬನ್ನು ಅವರು ಬರೀ ಚಂದದ ವಸ್ತು ಎಂದು ನೋಡಲಿಲ್ಲ. ಹೆಂಗಸಿನ ಕೈಗೆ ಅವಳದೇ ದುಡ್ಡು ಬರುವ ದಾರಿ ಅದು. ಶಾಂತಾಬಾಯಿಯವರ ಮಹಿಳಾ ಸಭಾದಲ್ಲಿ, ರಂಗರಾಯರ ನೇಯ್ಗೆ ತರಬೇತಿಯಲ್ಲಿ ಇದ್ದದ್ದೂ ಇದೇ ವಿಚಾರ. ಪ್ರತಿವರ್ಷ ಜನವರಿಯಲ್ಲಿ ನಾಂಪಲ್ಲಿ ಎಕ್ಸಿಬಿಷನ್ ಮೈದಾನದ ನುಮಾಯಿಷ್‌ನಲ್ಲಿ ಕೈಮಗ್ಗದ ಸೀರೆಗೆ ಚೌಕಾಸಿ ಮಾಡುವಾಗ ನಾವು ಇದನ್ನು ಒಂದು ಕ್ಷಣ ನೆನೆಯಬಹುದು. ಅದೇ ಮೈದಾನದಲ್ಲಿ ಕಮಲಾದೇವಿಯವರ ನಾದಿನಿಯ ಹೆಸರಿನ ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯವೂ ಇದೆ.

ಹೆಸರಿದ್ದವರು, ಹೆಸರಿಲ್ಲದವರು

ಮಂಗಳೂರಿನ ನಾಗರಿಕ ಬದುಕಿನ ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯ (1902–1965) ಅವರ ದುಡಿಮೆಯಿಂದ ಬಜ್ಪೆಯ ವಿಮಾನ ನಿಲ್ದಾಣ, ಪಣಂಬೂರಿನ ನವಮಂಗಳೂರು ಬಂದರು, 1960ರಲ್ಲಿ ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಬಂದವು. ನನ್ನಂಥ ನೂರಾರು ಹುಡುಗಿಯರು ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹೈದರಾಬಾದಿಗೋ ಬೆಂಗಳೂರಿಗೋ ಬಂದದ್ದು ಅಂಥ ಕಾಲೇಜುಗಳ ಬಲದಿಂದ.

‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕರ್ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದವರು. ತಲಾಖ್ ಹೆಸರಿನಲ್ಲಿ ನಲುಗುವ ಹೆಣ್ಣಿನ ಪಾಡನ್ನು ಆ ಸಮಾಜದ ಒಳಗಿನಿಂದಲೇ ಬರೆದು ಬೈಗುಳ, ಬೆದರಿಕೆ ಎಲ್ಲ ಎದುರಿಸಿದರು. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಹಿಂದೆ ಸರಿಯಲಿಲ್ಲ. ಇನ್ನು ಹರೇಕಳ ಹಾಜಬ್ಬ. ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ, ಆ ದುಡ್ಡಿನಲ್ಲಿ ತಮ್ಮೂರಿಗೆ ಶಾಲೆ ತಂದವರು. ಸ್ವತಃ ಓದಲು ಬಾರದವರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. 1892ರ ಚಿಲಿಂಬಿಯಿಂದ ಹಾಜಬ್ಬರ ಶಾಲೆಯವರೆಗೆ ಒಂದೇ ದಾರ ಹಾದುಬಂದಿದೆ.

ಹೆಸರೇ ಇಲ್ಲದವರೂ ಇದ್ದಾರೆ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆಗೆ ಬೆರಳು ಸುಟ್ಟುಕೊಂಡವರು, ಜಗಲಿಯಲ್ಲಿ ಕುಳಿತು ಸಂಜೆಯೊಳಗೆ ಬೀಡಿ ಕಟ್ಟಿ ಲೆಕ್ಕ ಒಪ್ಪಿಸಿದವರು, ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆ ತಿರುಗಿದವರು. ಮಂಗಳೂರಿನ ಪೇಟೆಯಲ್ಲಿ ಓಡಾಡಿದ ದುಡ್ಡಿನಲ್ಲಿ ದೊಡ್ಡ ಪಾಲು ಈ ಹೆಂಗಸರ ಬೆವರು. ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಎಷ್ಟೋ ಮನೆಗಳಲ್ಲಿ ಬೀಡಿಯ ದುಡ್ಡೇ. ಇವರ ಹೆಸರಿನ ರಸ್ತೆ ಎಲ್ಲೂ ಇಲ್ಲ.

ಗೆಳತಿಯರೇ, ಇಷ್ಟನ್ನೂ ಓದಿ ನನಗೆ ಅನಿಸಿದ್ದು ಒಂದೇ. ಒಂದು ಊರಿನ ನಾಗರಿಕ ಬದುಕು ಪುರಭವನದಲ್ಲಿ ಹುಟ್ಟುವುದಿಲ್ಲ, ಮನೆಯಲ್ಲಿ ಹುಟ್ಟುತ್ತದೆ. ಜೀವನಾಂಶ ಬೇಡವೆಂದ ಒಬ್ಬ ತಾಯಿ ಇರದಿದ್ದರೆ ಚುನಾವಣೆಗೆ ನಿಂತ ಮಗಳು ಇರುತ್ತಿರಲಿಲ್ಲ. ಮಗಳನ್ನು ಓದಿಸಿದ ಒಬ್ಬ ತಂದೆ ಇರದಿದ್ದರೆ ದುಂಡುಮೇಜಿನಲ್ಲಿ ನಮ್ಮ ಕುರ್ಚಿ ಖಾಲಿ ಇರುತ್ತಿತ್ತು.

ಹಾಗಾಗಿ ನನ್ನದು ಮೂರು ಸಣ್ಣ ಕೋರಿಕೆ. ಹೈದರಾಬಾದಿಗೆ ಬಂದು ಎಷ್ಟೋ ವರ್ಷವಾದರೂ ಇಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸದವರು ನಮ್ಮಲ್ಲಿ ಇದ್ದಾರೆ, ದಯವಿಟ್ಟು ಸೇರಿಸಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಮನೆಯ ಕಾಗದಪತ್ರದಲ್ಲಿ ನಿಮ್ಮ ಹೆಸರು, ನಿಮ್ಮ ಮಗಳ ಹೆಸರು ಎಲ್ಲಿದೆ ಎಂದು ಒಮ್ಮೆ ನೋಡಿ. ನಿಮ್ಮ ಅಜ್ಜಿ, ಅತ್ತೆ, ದೊಡ್ಡಮ್ಮ ಯಾರೇ ಆಗಲಿ, ಊರಿಗಾಗಿ ಏನಾದರೂ ಮಾಡಿದ್ದರೆ ಹುಟ್ಟಿದ ಊರು, ಇಸವಿ, ಹೆಸರು ಸಹಿತ ಒಂದು ಪುಟ ಬರೆದು ಮುಂದಿನ ಸಂಚಿಕೆಗೆ ಕಳುಹಿಸಿ. ಗಿರಿಜಾಬಾಯಿಯವರ ಹೆಸರು ನಮಗೆ ಇಂದು ಗೊತ್ತಿರುವುದು ಅವರ ಮಗಳು ಬರೆದಿಟ್ಟದ್ದರಿಂದ. ನಮ್ಮ ಮನೆಯ ಹಿರಿಯರ ಹೆಸರನ್ನು ನಾವು ಬರೆದಿಡದಿದ್ದರೆ ಇನ್ಯಾರು ಬರೆಯುತ್ತಾರೆ?